ಒಂದೇ ಏಟಿಗೆ

ಫೆಬ್ರವರಿ ೯

ತಮ್ಮ ಮಹಾರಾಯನಿಗೆ,

ನಿನ್ನೆ ನಿನ್ನ ಭಾಷಣ ಕೇಳಿದೆ. ಆಸ್ಪತ್ರೆಯ ಪಾಳಿ ಮುಗಿಸಿ, ನರ್ಸ್ ಸಮವಸ್ತ್ರದಲ್ಲೇ ಓಡಿಬಂದು ಆ ಕಾಲೇಜಿನ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದೆ. ನೀನು ನೋಡಿರಲಿಕ್ಕಿಲ್ಲ, ನಿನ್ನ ಸುತ್ತ ಅಷ್ಟು ಜನ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೂ ಹೇಳಿ ನಗಿಸಿ ಮಾತು ತಿರುಗಿಸುತ್ತೀಯ. ನೀನು ಚಿಕಿತ್ಸೆಯ ಮನೆಯಲ್ಲಿದ್ದಾಗ ಫೋನ್ ಕೊಡುತ್ತಿರಲಿಲ್ಲವೆಂದು ಕಾಗದ ಬರೆಯುತ್ತಿದ್ದೆವಲ್ಲ, ಅದನ್ನೇ ಮತ್ತೆ ಹಿಡಿದಿದ್ದೇನೆ.

ಮೊದಲು ಹೊಗಳಿಬಿಡುತ್ತೇನೆ, ಜಗಳ ಆಮೇಲೆ. ಚೆನ್ನಾಗಿ ಮಾತಾಡಿದೆ. ಸ್ನೇಹಿತನ ಕೋಣೆಯಲ್ಲಿ ಬರೀ ಮಜಕ್ಕೆಂದು ನೋವಿನ ಮಾತ್ರೆ ನುಂಗಿದ್ದು, ಮಾತ್ರೆಯಿಂದ ಪುಡಿಗೆ ಇಳಿದದ್ದು, ಕೆಲಸ ಹೋದದ್ದು, ಅಮ್ಮನ ಹೊಲಿಗೆ ಯಂತ್ರವನ್ನು ಮಾರಿ ತಿಂದದ್ದು, ಒಂದೊಂದನ್ನೂ ನೀನು ಹೇಳುವಾಗ ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಂಡರು. ನನ್ನ ಪಕ್ಕದಲ್ಲಿದ್ದ ಮೇಷ್ಟ್ರು ಮೂಗೊರೆಸಿಕೊಂಡರು. ಕೊನೆಗೆ, "ಅಮ್ಮ ನನ್ನ ಎರಡೂ ಕೈ ಹಿಡ್ಕೊಂಡು ಅತ್ತಳು. ಅವತ್ತೇ, ಒಂದೇ ಏಟಿಗೆ ಬಿಟ್ಟೆ" ಎಂದೆ ನೋಡು, ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು. ಅಮ್ಮನನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಹತ್ತುವ ಮೊದಲು ಅಮ್ಮ, ಅಷ್ಟರಲ್ಲಿ ಮುಂದೆ ಬಂದಿದ್ದ ನನ್ನನ್ನು ಕಂಡು ಕೈಚೀಲ, ನೀರಿನ ಬಾಟಲಿ ಎರಡನ್ನೂ ನನ್ನ ಕೈಗೆ ತುರುಕಿದಳು. ಅವನ್ನು ಹಿಡಿದುಕೊಂಡು ಪಕ್ಕದ ಬಾಗಿಲಲ್ಲಿ ನಿಂತು ನಾನೂ ಚಪ್ಪಾಳೆ ತಟ್ಟಬೇಕಿತ್ತು. ಕೈ ಖಾಲಿ ಇರಲಿಲ್ಲವಾದ್ದರಿಂದ ಬಚಾವಾದೆ.

ನಾನೂ ಪ್ರತಿ ಶನಿವಾರ ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಇದೇ ವಿಷಯ ಹೇಳುತ್ತೇನೆ. ಯಾವ ಮಾತ್ರೆ ಉಸಿರಿಗೆ ಏನು ಮಾಡುತ್ತದೆ, ಯಾವುದರ ಜೊತೆ ಯಾವುದು ಸೇರಿದರೆ ಅಪಾಯ, ಎಲ್ಲ ಚಿತ್ರ ತೋರಿಸಿ ಹೇಳುತ್ತೇನೆ. ಕೇಳುವವರ ಕಣ್ಣು ತಮ್ಮ ಟೋಕನ್ ನಂಬರಿನ ಮೇಲಿರುತ್ತದೆ. ಹೋದ ವಾರ ಒಬ್ಬರು ಕೈಯೆತ್ತಿದರು. ಅಂತೂ ಒಂದು ಪ್ರಶ್ನೆ ಬಂತಲ್ಲ ಎಂದು ಹಿಗ್ಗಿದೆ. "ಸಿಸ್ಟರ್, ಆ ಕೆಂಪು ಚಪ್ಪಲಿ ಚಿತ್ರ ಯಾಕೆ ತೂಗುಹಾಕಿದ್ದೀರಿ?" ಎಂದು ಕೇಳಿದರು. ಅದು ಪಿತ್ತಜನಕಾಂಗ.

ಈಗ ಜಗಳ. ನಿನ್ನ ಅಷ್ಟುದ್ದದ ಭಾಷಣದಲ್ಲಿ ಅಕ್ಕ ಎಂಬ ಶಬ್ದ ಒಂದು ಸಲವೂ ಬರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಟ್ಟು ಏನು ಮಾಡಲಿ, ಮನೆಗೆ ಬಂದು ಊಟ ಸೇರಲಿಲ್ಲ. ಕಣ್ಣೀರು ಅಮ್ಮನದಂತೆ, ಗಟ್ಟಿ ಮನಸ್ಸು ನಿನ್ನದಂತೆ. ನಾನೇನು ಆ ಮನೆಯಲ್ಲಿ ಬಾಡಿಗೆಗಿದ್ದೆನೆ? ಅದಿರಲಿ, ಒಂದೇ ಏಟು ಎಂದರೆ ಯಾವ ಏಟು? ಬಿಟ್ಟೆ, ಹಿಡಿದೆ, ಮತ್ತೆ ಬಿಟ್ಟೆ, ಮತ್ತೆ ಹಿಡಿದೆ. ಅಮ್ಮ ಅತ್ತ ಮೇಲೂ ಹಿಡಿದೆ. ನೀನು ಹೇಳಿದ್ದು ಸುಳ್ಳು.

ನಿನ್ನ ಕಥೆಯಲ್ಲಿಲ್ಲದ
ಅಕ್ಕ


ಫೆಬ್ರವರಿ ೨೪

ಪ್ರೀತಿಯ ಅಕ್ಕನಿಗೆ, ಭಾಷಣಕಾರ ತಮ್ಮನ ದೊಡ್ಡ ನಮಸ್ಕಾರ.

ನಿನ್ನ ಕಾಗದ ಊರೂರು ಸುತ್ತಿ ಇವತ್ತು ಕೈಸೇರಿತು. ಇಲ್ಲಿ ಒಂದು ಕಾರ್ಖಾನೆಯವರು ಕರೆಸಿದ್ದಾರೆ. ಲಾಡ್ಜಿನ ಕೋಣೆ, ಫ್ಯಾನು ತಿರುಗುವುದಕ್ಕಿಂತ ಗೊಣಗುವುದು ಹೆಚ್ಚು. ಅದರ ಕೆಳಗೆ ಕೂತು ನಿನ್ನ ಗೊಣಗಾಟ ಓದಿದೆ. ಕೆಂಪು ಚಪ್ಪಲಿಗೆ ಒಬ್ಬನೇ ನಕ್ಕೆ.

ಅಕ್ಕ, ಆ ಮಾತು ನನ್ನದಲ್ಲ. ಮೊದಲ ಸಲ ಬಾಯಿತಪ್ಪಿ ಬಂದಿತ್ತು. ನನ್ನನ್ನು ಭಾಷಣಕ್ಕೆ ಕಳಿಸುವ ಸಂಸ್ಥೆಯ ಮುಖ್ಯಸ್ಥರಿಗೆ ಅದು ಹಿಡಿಸಿತು. ಈಗ ಬ್ಯಾನರಿನ ಮೇಲೆ, ಅಂಗಿಗಳ ಬೆನ್ನ ಮೇಲೆ ಎಲ್ಲ ಕಡೆ ಅದೇ ಅಚ್ಚಾಗಿದೆ. ಬಿದ್ದೆ, ಎದ್ದೆ, ಮತ್ತೆ ಬಿದ್ದೆ ಎಂದರೆ ಕೇಳುವವರಿಗೆ ಧೈರ್ಯ ಹೋಗುತ್ತದೆ, ಕಥೆಗೆ ಒಂದು ತಿರುವು ಸಾಕು ಎನ್ನುತ್ತಾರೆ ಅವರು.

ಇನ್ನು ಅಮ್ಮನ ವಿಷಯ. ಆ ಮಧ್ಯಾಹ್ನ ನಡೆದದ್ದು ಅಮ್ಮನಿಗೆ ತಿಳಿಯುವುದು ಬೇಡ ಎಂದು ಹೇಳಿದವಳು ನೀನೇ. ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಸೇರಿಸಿದೆ ಎಂದು ಕತೆ ಕಟ್ಟಿದವಳೂ ನೀನೇ. ನನ್ನ ಸುಳ್ಳಿಗೆ ನೀನು ಗುರು. ಮೊದಲು ಓಣಿಯಲ್ಲಿ ಅಮ್ಮ ನಡೆದುಹೋದರೆ, "ಅವನ ತಾಯಿ" ಎಂದು ಪಿಸುಗುಟ್ಟುತ್ತಿದ್ದರು. ಈಗಲೂ "ಅವನ ತಾಯಿ" ಎಂದೇ ಹೇಳುತ್ತಾರೆ, ಎದ್ದು ಕುರ್ಚಿ ಬಿಟ್ಟುಕೊಟ್ಟು ಹೇಳುತ್ತಾರೆ. ತನ್ನ ಕಣ್ಣೀರಿನಿಂದಲೇ ನಾನು ಉಳಿದೆ ಎಂದು ಅವಳು ನಂಬಿದ್ದಾಳೆ. ಅದನ್ನು ಕಿತ್ತುಕೊಳ್ಳಲೇ? ನೀನೇ ಹೇಳು.

ನಿನಗೆ ಬೇಕಾದರೆ ಮುಂದಿನ ಸಲ "ನಮ್ಮ ಅಕ್ಕನೂ ತುಂಬಾ ಸಹಾಯ ಮಾಡಿದಳು" ಎಂದು ಒಂದು ಸಾಲು ಸೇರಿಸುತ್ತೇನೆ.

ನಿನ್ನ
ತಮ್ಮ


ಮಾರ್ಚ್ ೬

ತಮ್ಮ,

"ತುಂಬಾ ಸಹಾಯ ಮಾಡಿದಳು." ಇದನ್ನು ಮೇಜು ಎತ್ತಿ ಆಚೆ ಇಟ್ಟವರಿಗೆ ಹೇಳುತ್ತಾರೆ. ನನಗೆ ಬೇಡ.

ಆ ಮಧ್ಯಾಹ್ನ ಏನಾಯಿತೆಂದು ನಿನಗೆ ಗೊತ್ತಿಲ್ಲ. ನೀನಿದ್ದೆ, ಆದರೆ ನಿನಗೆ ಎಚ್ಚರವಿರಲಿಲ್ಲ. ಅದಕ್ಕೇ ಬರೆಯುತ್ತೇನೆ, ಕೇಳು. ನೀನು ಚಿಕಿತ್ಸೆಯ ಮನೆಯಲ್ಲಿ ತಿಂಗಳುಗಟ್ಟಲೆ ಏನನ್ನೂ ಮುಟ್ಟದೆ ಇದ್ದು ವಾಪಸ್ ಬಂದಿದ್ದೆ. ಕೆನ್ನೆ ತುಂಬಿಕೊಂಡಿತ್ತು. ಅಮ್ಮ ನಿನ್ನ ಕೈ ಹಿಡಿದು ಅತ್ತದ್ದು, ನೀನು ಮಾತು ಕೊಟ್ಟದ್ದು, ಎಲ್ಲ ಮುಗಿದಿತ್ತು. ಅವಳು ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ಹೋಗಿದ್ದಳು. ನಾನು ಮರೆತುಹೋದ ಗುರುತಿನ ಚೀಟಿಗೆಂದು ಮನೆಗೆ ಬಂದೆ. ನಿನ್ನ ಕೋಣೆಯಿಂದ ಗೊರಕೆ ಕೇಳಿತು. ಮಲಗಲಿ ಪಾಪ ಎಂದು ಬಾಗಿಲು ಎಳೆದುಕೊಂಡು ಹೊರಟಿದ್ದೆ ಕೂಡ. ಆ ಗೊರಕೆಯಲ್ಲಿ ನೀರಿನ ಗುಳುಗುಳು ಇತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತೀರಾ ಹೊತ್ತು ಹಿಡಿಯುತ್ತಿತ್ತು. ಒಳಗೆ ಹೋಗಿ ನೋಡಿದರೆ ತುಟಿ ನೀಲಿ. ಹೆಸರು ಹಿಡಿದು ಕೂಗಿದೆ, ಕೆನ್ನೆಗೆ ಹೊಡೆದೆ, ಏಳಲಿಲ್ಲ.

ಮಾಮೂಲಿ ಅಳತೆಯನ್ನೇ ತೆಗೆದುಕೊಂಡೆ ಎಂದು ಆಮೇಲೆ ನೀನು ಡಾಕ್ಟರರ ಹತ್ತಿರ ಗೋಳಾಡಿದೆ. ಅದೇ ಕಣೋ ತಪ್ಪು. ಬಿಟ್ಟವನ ದೇಹಕ್ಕೆ ಹಳೆಯ ಅಭ್ಯಾಸ ಹೋಗಿರುತ್ತದೆ. ಆಗ ತಡೆದುಕೊಂಡದ್ದನ್ನು ಈಗ ತಡೆಯುವುದಿಲ್ಲ. ಮೇಲೆ ಒಂದಿಷ್ಟು ಕುಡಿದೂ ಇದ್ದೆ. ಎರಡೂ ಉಸಿರನ್ನೇ ಅದುಮುವಂಥವು. ನನ್ನ ಕಣ್ಣೆದುರಿಗೇ ನಿನ್ನ ಉಸಿರು ನಿಂತಿತು. ಆಂಬುಲೆನ್ಸಿಗೆ ಫೋನ್ ಮಾಡಿ, ಫೋನನ್ನು ನೆಲದ ಮೇಲೆ ಇಟ್ಟು, ನಿನ್ನ ತಲೆ ಹಿಂದಕ್ಕೆ ವಾಲಿಸಿ, ಮೂಗು ಒತ್ತಿಹಿಡಿದು ಬಾಯಿಗೆ ಬಾಯಿಟ್ಟು ಊದಿದೆ. ನಿನ್ನ ಎದೆ ಏರುವುದನ್ನು ನೋಡುತ್ತಾ ಊದಿದೆ. ನಿನ್ನ ಬಾಯಲ್ಲಿ ಸಾರಾಯಿ ವಾಸನೆ, ವಾಂತಿಯ ರುಚಿ. ಅವರು ಬಂದು ವಿಷ ಇಳಿಸುವ ಚುಚ್ಚುಮದ್ದು ಕೊಟ್ಟ ಮೇಲೆ ನೀನು ಕಣ್ಣು ಬಿಟ್ಟು ಮಾಡಿದ ಮೊದಲ ಕೆಲಸ ನನ್ನನ್ನು ಬೈದದ್ದು.

ಇದನ್ನು ವೇದಿಕೆಯಲ್ಲಿ ಹೇಳು. ನಿನ್ನ ಭಾಷಣ ಕೇಳಿ ಬಿಡುವವರು ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಬಿಟ್ಟವರಲ್ಲಿ ಎಷ್ಟೋ ಜನ ಒಂದಲ್ಲ ಒಂದು ದಿನ ಎಡವುತ್ತಾರೆ. ಎಡವಿದಾಗ ಹಳೆಯ ಅಳತೆ ಸಾವೆಂದು ಅವರಿಗೆ ಯಾರು ಹೇಳಬೇಕು? ಗೊರಕೆ ಎಂದರೆ ನಿದ್ದೆಯೇ ಆಗಬೇಕಿಲ್ಲ ಎಂದು ಗೆಳೆಯರಿಗೆ ಯಾರು ಹೇಳಬೇಕು?

ಹೌದು, ಹೇಳಿದರೆ ಅದರಲ್ಲಿ ನಾನೂ ಬರುತ್ತೇನೆ. ಬರಬೇಕೆಂದು ಆಸೆಯೂ ಇದೆ. ಅಮ್ಮ ನಿನ್ನ ಪಕ್ಕ ಹೂ ಹಿಡಿದು ನಿಂತಾಗ, ಅದು ನನ್ನ ಜಾಗ ಎಂದು ನನಗೆ ಅನ್ನಿಸಿತ್ತು. ಹೆತ್ತ ತಾಯಿಯ ಮೇಲೆ ಅಸೂಯೆ. ಆದರೆ ನನ್ನ ಹೊಟ್ಟೆ ಉರಿಯುತ್ತಿದೆ ಎಂದ ಮಾತ್ರಕ್ಕೆ ನಾನು ಹೇಳುತ್ತಿರುವುದು ತಪ್ಪಾಗುವುದಿಲ್ಲ.

ಅಕ್ಕ


ಮಾರ್ಚ್ ೩೦

ಅಕ್ಕ,

ನಿನ್ನ ಕಾಗದವನ್ನು ಓದಿ ಮಡಚಿಟ್ಟೆ. ಮತ್ತೆ ತೆಗೆಯಲು ಮನಸ್ಸಾಗಲಿಲ್ಲ.

ನನ್ನಿಂದ ಆಗದು. ಮುಂದಿನ ತಿಂಗಳುಗಳಿಗೆಲ್ಲ ಕಾರ್ಯಕ್ರಮ ನಿಗದಿಯಾಗಿದೆ. ಎಲ್ಲ ಕಡೆಗೂ ಅಮ್ಮ ಬರುತ್ತಾಳೆ, ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ಮುಖ ನೋಡುತ್ತಾ, "ಅಮ್ಮಾ, ನಿನಗೆ ಮಾತು ಕೊಟ್ಟ ಮೇಲೂ ತೆಗೆದುಕೊಂಡೆ" ಎಂದು ಹೇಗೆ ಹೇಳಲಿ?

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಂಡರೆ ಮಾಡಿಕೋ. ಚಿಕ್ಕಂದಿನಿಂದಲೂ ನಾನು ಕೆಟ್ಟವನು, ನೀನು ಒಳ್ಳೆಯವಳು. ಈಗ ನನಗೂ ಒಂದಿಷ್ಟು ಮರ್ಯಾದೆ ಬಂದಿದೆ. ಅದು ನಿನ್ನ ಕಣ್ಣು ಕುಕ್ಕುತ್ತಿದೆ. ನಿನಗೆ ಬೇಕಾಗಿರುವುದು ಯಾರದೋ ಜೀವವಲ್ಲ, ಚಪ್ಪಾಳೆ.

ಈ ವಿಷಯವಾಗಿ ಇನ್ನು ಬರೆಯಬೇಡ.

ತಮ್ಮ


ಜೂನ್ ೧೮

ತಮ್ಮ,

ಬರೆಯಬೇಡ ಎಂದಿದ್ದೆ. ನಾನೂ ಬರೆಯುವುದಿಲ್ಲವೆಂದು ಹಟ ಹಿಡಿದು ಕೂತಿದ್ದೆ. ಈ ವಾರ ನಮ್ಮ ವಾರ್ಡಿಗೆ ಒಬ್ಬರು ಬಂದರು. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವರು. ನಿನ್ನದೇ ವಯಸ್ಸು.

ಅವರ ಹೆಂಡತಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಒಂದೇ ಏಟಿಗೆ ಬಿಟ್ಟಿದ್ರು ಸಿಸ್ಟರ್. ಗಾಜು ಹಾಕೋಕೆ ಹೋಗಿದ್ದ ಕಾರ್ಖಾನೇಲಿ ಯಾರೋ ಬಂದು ಭಾಷಣ ಮಾಡಿದ್ರಂತೆ, ಅವತ್ತಿಂದ ಮುಟ್ಟಿರ್ಲಿಲ್ಲ." ಆ ಕಾರ್ಖಾನೆ ಯಾವುದೆಂದು ಕೇಳಿದೆ. ನೀನು ಲಾಡ್ಜಿನ ಫ್ಯಾನಿನ ಬಗ್ಗೆ ಬರೆದಿದ್ದೆಯಲ್ಲ, ಆ ಊರಿನದು.

ಅವರು ಬಿಟ್ಟದ್ದು ನಿಜ. ಹೊಸ ಗೂಡಂಗಡಿ ತೆರೆದ ಗೆಳೆಯನೊಬ್ಬ ಎಲ್ಲರನ್ನೂ ಊಟಕ್ಕೆ ಕರೆದಿದ್ದನಂತೆ. ಇವತ್ತೊಂದಿನ ಪರವಾಗಿಲ್ಲ, ನಾಳೆ ಮತ್ತೆ ಒಂದೇ ಏಟಿಗೆ ಬಿಟ್ಟರಾಯಿತು ಎಂದುಕೊಂಡು ಮೊದಲು ಎಷ್ಟು ತೆಗೆದುಕೊಳ್ಳುತ್ತಿದ್ದರೋ ಅಷ್ಟನ್ನೇ ತೆಗೆದುಕೊಂಡರು. ಗೊರಕೆ ಹೊಡೆಯತೊಡಗಿದಾಗ ಗೆಳೆಯರು ಮುಖಕ್ಕೆ ನೀರು ಹಾಕಿ, ಮಲಗಿದರೆ ಸರಿಹೋಗುತ್ತಾನೆಂದು ಚಾದರ ಹೊದಿಸಿ ಹೊರಟುಹೋದರು. ಒಳ್ಳೆಯ ಮನಸ್ಸಿನಿಂದಲೇ ಹೊದಿಸಿದರು.

ಹುಡುಕಿಕೊಂಡು ಹೋದ ಹೆಂಡತಿ ಆಸ್ಪತ್ರೆಗೆ ತಂದದ್ದಕ್ಕೆ ಜೀವ ಉಳಿದಿದೆ. ತುಂಬಾ ಹೊತ್ತು ಮಿದುಳಿಗೆ ಆಮ್ಲಜನಕ ಸಿಕ್ಕಿರಲಿಲ್ಲ. ಹೆಂಡತಿಯ ಗುರುತು ಸಿಗುತ್ತದೆ, ಮಾತು ಸಿಗುವುದಿಲ್ಲ. ನಿನ್ನೆ ಕಿಟಕಿಯ ಗಾಜು ತೋರಿಸಿ ಇದೇನು ಎಂದು ಕೇಳಿದೆ. ಯೋಚನೆ ಮಾಡಿ ಮಾಡಿ, "ನೀರು" ಎಂದರು.

ಈಗ ನನ್ನ ವಿಷಯ ಹೇಳುತ್ತೇನೆ, ನಿನಗಲ್ಲದೆ ಇನ್ಯಾರಿಗೆ ಹೇಳಲಿ. ಆ ಹೆಂಗಸು ಒಂದೇ ಏಟು ಎಂದ ಕೂಡಲೇ ಮೊದಲು ನನಗಾದದ್ದು ಸಂಕಟವಲ್ಲ, ಖುಷಿ. ನೋಡಿದೆಯಾ, ನಾನು ಹೇಳಿದ್ದೇ ಆಯಿತು ಎಂದು ಒಳಗೊಂದು ಖುಷಿ. ಎದುರಿಗೆ ಒಬ್ಬಳು ತಾಳಲಾರದೆ ಅಳುತ್ತಿದ್ದಾಳೆ, ನಾನು ಮನಸ್ಸಿನಲ್ಲಿ ತಮ್ಮನ ವಿರುದ್ಧ ಗೆದ್ದಿದ್ದೇನೆ. ಶೌಚಾಲಯಕ್ಕೆ ಹೋಗಿ ಮುಖ ತೊಳೆದೆ. ಕನ್ನಡಿ ನೋಡಲಿಲ್ಲ.

ಚಪ್ಪಾಳೆ ಬೇಕು ನಿನಗೆ ಎಂದಿದ್ದೆಯಲ್ಲ, ಅದು ಪೂರ್ತಿ ಸುಳ್ಳಲ್ಲ. ಅದಕ್ಕೇ ಈಗ ಹೀಗೆ ಕೇಳುತ್ತೇನೆ. ನನ್ನನ್ನು ಕಥೆಗೆ ತರಬೇಡ. ಊದಿದವರು ಯಾರೋ ಪಕ್ಕದ ಮನೆಯವರು, ದಾರಿಹೋಕರು, ಯಾರೆಂದಾದರೂ ಹೇಳು. ಅಮ್ಮನಿಗೆ ಮಾತು ಕೊಡುವ ಮೊದಲೇ ನಡೆದದ್ದು ಎಂದು ಬೇಕಾದರೂ ಹೇಳು. ಆದರೆ ಬಿಟ್ಟು ಮತ್ತೆ ಹಿಡಿದವನಿಗೆ ಏನಾಗುತ್ತದೆ, ಪಕ್ಕದಲ್ಲಿದ್ದವರು ಏನು ಮಾಡಬೇಕು, ಅಷ್ಟನ್ನು ಹೇಳು.

ಅಕ್ಕ


ಜುಲೈ ೨೭

ಅಕ್ಕ,

ಬೇಗ ಉತ್ತರ ಬರೆಯಲಾಗಲಿಲ್ಲ. ಮೊದಲು ಆ ಗಾಜಿನ ಕೆಲಸದವರನ್ನು ನೋಡಿ ಬಂದೆ. ನಿನಗೆ ಹೇಳದೆ, ನಿನ್ನ ಪಾಳಿ ಇಲ್ಲದ ಹೊತ್ತು ನೋಡಿಕೊಂಡು ಬಂದೆ. ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಾನು ಯಾರೆಂದು ಹೆಂಡತಿಗೆ ಹೇಳುವ ಮೊದಲೇ ಅವರಿಗೆ ಗುರುತು ಸಿಕ್ಕಿತು. ಮುಖ ಅರಳಿತು. ಮಾತು ಬರಲಿಲ್ಲ. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವತ್ತು ನನಗೆ ಪುಡಿಯ ನೆನಪು ಬಂತು ಅಕ್ಕ. ಇಷ್ಟು ವರ್ಷವಾದರೂ ಬರುತ್ತದೆ. ಅದನ್ನೂ ನಾನು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ.

ಮೊನ್ನೆ ಒಂದು ತರಬೇತಿ ಶಾಲೆಯಲ್ಲಿ ಮಾತಾಡಿದೆ. ಅಮ್ಮ ಮುಂದಿನ ಸಾಲಿನಲ್ಲಿದ್ದಳು. ಬೆನ್ನ ಹಿಂದೆ ಅದೇ ಬ್ಯಾನರು. ಇದು ಸುಳ್ಳು ಎಂದು ಅದಕ್ಕೆ ಬೆರಳು ತೋರಿಸಿ ಶುರುಮಾಡಿದೆ. ಮುಖ್ಯಸ್ಥರು ಬದಿಯಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು, ನಾನು ಆ ಕಡೆ ನೋಡಲಿಲ್ಲ. ಎಷ್ಟು ಸಲ ಬಿಟ್ಟೆ, ಎಷ್ಟು ಸಲ ಹಿಡಿದೆ, ನೆನಪು ಈಗಲೂ ಬರುತ್ತದೆ, ಎಲ್ಲ ಹೇಳಿದೆ. ಆ ಮಧ್ಯಾಹ್ನಕ್ಕೆ ಬಂದೆ. ನೀನು ಹೇಳಿಕೊಟ್ಟ ಹಾಗೆ ಮಾತು ಕೊಡುವ ಮೊದಲು ಎನ್ನಲು ಹೊರಟೆ, ದಾರಿಹೋಕರು ಎನ್ನಲು ಹೊರಟೆ. ಬಾಯಿ ಬರಲಿಲ್ಲ. "ಅಮ್ಮಂಗೆ ಮಾತು ಕೊಟ್ಟು ಆಗಿತ್ತು. ಉಸಿರು ನಿಂತಿತ್ತು. ನಮ್ಮಕ್ಕ ಊದಿದ್ದಕ್ಕೆ ಇಲ್ಲಿ ನಿಂತಿದ್ದೀನಿ" ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀಲಿ ತುಟಿ, ಆ ಗೊರಕೆ, ತಡಮಾಡದೆ ಆಂಬುಲೆನ್ಸ್ ಕರೆಯುವುದು, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಒಬ್ಬರನ್ನೇ ಬಿಟ್ಟು ಹೋಗದಿರುವುದು, ಡಾಕ್ಟರಿಗೆ ನಿಜ ಹೇಳುವುದು, ಚುಚ್ಚುಮದ್ದು ಕೊಟ್ಟ ಮೇಲೂ ವಿಷ ಮರುಕಳಿಸಬಹುದೆಂದು ಆಸ್ಪತ್ರೆಯಲ್ಲೇ ಉಳಿಯುವುದು, ಎಲ್ಲ ಹೇಳಿದೆ. ಒಬ್ಬಳು ಎದ್ದು ನಿಂತು, ಊದಬೇಕಾದರೆ ಎಷ್ಟು ಹೊತ್ತಿಗೊಮ್ಮೆ ಊದಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಮ್ಮಕ್ಕನನ್ನೇ ಕರೆದುಕೊಂಡು ಬರುತ್ತೇನೆ ಎಂದುಬಿಟ್ಟೆ. ಬರುತ್ತೀಯಾ?

ಅಮ್ಮ ಮಾತ್ರ ವೇದಿಕೆಯ ಕಡೆ ಬರಲಿಲ್ಲ. ಹೂಗುಚ್ಛ ಮೇಜಿನ ಮೇಲೇ ಉಳಿಯಿತು. ನಾನು ಇಳಿದು ಬರುವಷ್ಟರಲ್ಲಿ ಒಬ್ಬಳೇ ಬಸ್ಸು ಹತ್ತಿ ಹೋಗಿದ್ದಳು. ಮನೆಯಲ್ಲಿ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ. ಅವಳ ಮರ್ಯಾದೆಯನ್ನು ನಾನೇ ಕಳೆದೆ. ನನಗೆ ಭಯವಾಗುತ್ತಿದೆ ಅಕ್ಕ.

ನಿನ್ನ
ತಮ್ಮ


ಆಗಸ್ಟ್ ೫

ಮಗಳೇ,

ನಿಮ್ಮಿಬ್ಬರ ಕಾಗದ ಬರೆಯೋ ಚಟ ನನಗೂ ಅಂಟಿಕೊಳ್ತು. ನಾನು ಮಾತಾಡೋ ಹಾಗೇ ಬರೀತೀನಿ, ತಪ್ಪು ತಿದ್ದೋಕೆ ಕೂರಬೇಡ.

ಅವನು ನಾನು ಮುನಿಸಿಕೊಂಡಿದ್ದೀನಿ ಅಂದ್ಕೊಂಡಿದ್ದಾನೆ. ಅವನ ಮೇಲೆ ನನಗೆ ಮುನಿಸಿಲ್ಲ. ಮಾತು ತಪ್ಪಿದ್ದು ಅವನೊಬ್ಬನೇ ಏನಲ್ಲ, ಆ ಕಾಯಿಲೆಯೇ ಅಂಥದ್ದು ಅಂತ ಅವತ್ತು ಅವನ ಬಾಯಿಂದಲೇ ಕೇಳಿದೆ. ಜನ ಏನಂತಾರೆ ಅನ್ನೋದೂ ಅಲ್ಲ. ಅನ್ನೋದನ್ನೆಲ್ಲ ಅಂದು ಮುಗಿಸಿದ್ದಾರೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಅದೇ. ಅಷ್ಟು ಹೂ ತಗೊಂಡೆ, ಅಷ್ಟು ಜನರ ಕೈಲಿ ಮಹಾತಾಯಿ ಅನ್ನಿಸ್ಕೊಂಡೆ. ಅವನ ಉಸಿರು ನಿಂತ ಹೊತ್ತಲ್ಲಿ ನಾನು ಯಾರದೋ ಪುಸ್ತಕಕ್ಕೆ ಗೋಂದು ಹಚ್ತಾ ಕೂತಿದ್ದೆ. ಸಂಜೆ ಬಂದಾಗ ನೀನು ಹೊಟ್ಟೆ ಕೆಟ್ಟಿತ್ತು ಅಂದೆ, ನಾನು ನಂಬಿದೆ. ಹೆತ್ತೋಳು ನಾನು, ನನಗೊಂದು ಸುಳಿವೂ ಸಿಗಲಿಲ್ಲ. ಅವನಿಗೆ ಜೀವ ಬೇಕಾದಾಗ ಸಿಕ್ಕಿದ್ದು ನೀನು. ಅದನ್ನ ನೀನು ಯಾಕೆ ಕಿತ್ಕೊಂಡೆ ಅಂತ ಸಿಟ್ಟು. ಹುಚ್ಚು ಸಿಟ್ಟು, ಗೊತ್ತು. ಬಂತು, ಏನು ಮಾಡಲಿ.

ಆಮೇಲೆ ಯೋಚನೆ ಮಾಡಿದೆ. ಅವತ್ತು ನಾನೇ ಮನೇಲಿದ್ದಿದ್ರೆ? ಗೊರಕೆ ಹೊಡೀತಿದ್ದಾನೆ, ಮಗು ಎಷ್ಟು ದಿನದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದೆ ಅಂತ ಚಾದರ ಹೊದಿಸ್ತಿದ್ದೆ. ಅಡಿಗೆಮನೇಲಿ ಸದ್ದಾಗದ ಹಾಗೆ ಪಾತ್ರೆ ಇಡ್ತಿದ್ದೆ. ಅವನಿಗೆ ಎಚ್ಚರ ಆಗಲಿ ಅಂತ ಸಂಜೆವರೆಗೂ ಕಾಯ್ತಿದ್ದೆ.

ಅದನ್ನ ನೆನೆಸ್ಕೊಂಡ ಮೇಲೆ ನನಗೆ ಮಾತು ಹೊರಡ್ತಿಲ್ಲ. ಅವನ ಹತ್ತಿರ ಏನಂತ ಹೇಳಲಿ?

ನೆನಪು ಈಗಲೂ ಬರುತ್ತೆ ಅಂದನಲ್ಲ ಅವನು, ವೇದಿಕೆ ಮೇಲೆ. ಅಂದ್ರೆ ಇನ್ನೊಂದು ಸಲ ಬೀಳಲ್ಲ ಅಂತ ಗ್ಯಾರಂಟಿ ಇಲ್ಲ. ನೀನು ಆಸ್ಪತ್ರೇಲಿರ್ತೀಯ, ಮನೇಲಿರೋಳು ನಾನು. ಈ ಭಾನುವಾರ ಬಾ. ತಲೆ ಹೇಗೆ ವಾಲಿಸಬೇಕು, ಮೂಗು ಎಲ್ಲಿ ಹಿಡೀಬೇಕು, ಎಷ್ಟು ಹೊತ್ತಿಗೊಂದು ಸಲ ಊದಬೇಕು, ಎಲ್ಲ ಹೇಳಿಕೊಡು. ಅಮ್ಮ ಅಂತ ರಿಯಾಯಿತಿ ಬೇಡ, ಬರೋವರೆಗೂ ಮಾಡಿಸು. ನನ್ನ ಉಸಿರು ಗಟ್ಟಿಯಾಗಿದೆ, ಈಗಲೂ ಬೈಂಡಿಂಗ್ ಅಂಗಡಿ ಮೆಟ್ಟಿಲೆಲ್ಲ ನಿಲ್ಲದೆ ಹತ್ತುತ್ತೀನಿ.

ಅಂಥ ದಿನ ಬರೋದೇ ಬೇಡ. ಬಂದ್ರೆ ಮಾತ್ರ, ಈ ಸಲ ನಿನಗೆ ಬಿಟ್ಟುಕೊಡಲ್ಲ.

ಅಮ್ಮ